ಐದನೆಯ ವರ್ಷದ ಗಂಟೆ

ಇಟಲಿಯ ಬರೋಲೊ ಗುಡ್ಡಗಳ ಕೆಂಪು ವೈನನ್ನು ಯಾರೂ ಮೊದಲು ಕುಡಿಯುವುದಿಲ್ಲ, ಕಿವಿಗೊಟ್ಟು ಕೇಳುತ್ತಾರೆ. ಪೀಪಾಯಿಯಲ್ಲಿದ್ದ ಐದು ವರ್ಷ ಕಿವಿಗೆ ಬಿದ್ದದ್ದನ್ನೆಲ್ಲ ಅದು ಒಂದೊಂದೇ ವರ್ಷವಾಗಿ ಒಪ್ಪಿಸುತ್ತದೆ. ಅಸಲಿ ಎಂದು ಮುದ್ರೆ ಒತ್ತಲು ಬಂದಿದ್ದ ಪರೀಕ್ಷಕಿ ಒರ್ನೆಲ್ಲಾ ಲೋಟವನ್ನು ಕಿವಿಗೆ ಹಿಡಿದು ಹುಬ್ಬು ಗಂಟಿಕ್ಕಿದಳು.

"ಐದನೇ ವರ್ಷದಲ್ಲೂ ಚರ್ಚಿನ ಗಂಟೆ ಕೇಳ್ತಿದೆ. ನಿಮ್ಮೂರಿನ ಗಂಟೆ ಒಡೆದು ಮೂರು ವರ್ಷ ಆಯ್ತಲ್ಲ? ಬೇರೆ ಊರಿನ ವೈನ್ ತಂದು ತುಂಬಿದ್ದೀರಾ?"

ದ್ರಾಕ್ಷಿ ಬೆಳೆಗಾರ ಸೆಕೊಂಡೊ ಟೋಪಿಯನ್ನು ಕೈಯಲ್ಲೇ ಹಿಸುಕಿದ. "ನಮ್ದೇ ಮೇಡಂ. ಗಂಟೆ ನಿಂತ್ರೆ ವೈನ್ ಹೆದರ್ಕೊಳ್ಳುತ್ತೆ ಅಂತ ನಮ್ಮಮ್ಮ ದಿನಾ ಮಧ್ಯಾಹ್ನ ನೆಲಮಾಳಿಗೆಗೆ ಇಳಿದು ಬಾಯಲ್ಲೇ ಗಂಟೆ ಹೊಡೀತಿದ್ಲು."

ಇಂಥ ಕಥೆಗಳನ್ನು ಬಹಳ ಕೇಳಿದ್ದ ಒರ್ನೆಲ್ಲಾ ಮುದ್ರೆಯನ್ನು ಚೀಲಕ್ಕೆ ಹಾಕಿದಳು. ಆದರೂ ಮನಸ್ಸು ತಡೆಯದೆ ಇನ್ನೊಮ್ಮೆ ಕಿವಿಗೊಟ್ಟಳು.

ಗಂಟೆ ಹನ್ನೆರಡು ಸಲ ಹೊಡೆಯಿತು. ಎಂಟನೆಯದಾದ ಮೇಲೆ ಒಮ್ಮೆ ಕೆಮ್ಮಿತು.