ಪುಟದಡಿಯ ಹೆಸರು

ಆ ವೆಬ್‌ಸೈಟಿಗಾಗಿ ಸ್ಫೂರ್ತಿ ಒಂದು ಬೇಸಿಗೆಯ ಸಂಜೆಗಳನ್ನೂ ತಂಗಿಯ ಸೀಮಂತದ ಊಟವನ್ನೂ ಬಿಟ್ಟಿದ್ದಳು. ಬನವಾಸಿಯ ಅನಾನಸ್ ವ್ಯಾಪಾರಿ ಪರಮೇಶ್ವರಪ್ಪನವರ ಆ ವೆಬ್‌ಸೈಟಿನಲ್ಲಿ ಎಲ್ಲ ಪುಟಗಳ ಅಡಿಬರಹವೂ ಒಂದೇ ಫೈಲಿನಿಂದ ಬರುತ್ತಿತ್ತು: 'ತಯಾರಿಸಿದವರು: ಸ್ಫೂರ್ತಿ, ಭರತ್.' ಅದನ್ನು ನೋಡಿಯೇ ಅವಳಿಗೆ ಮುಂದಿನ ಕೆಲಸ ಬರಬೇಕಿತ್ತು.

"ನಿನ್ನ ಹೆಸರ ಎಲ್ಲಿ ಹೋತವ್ವಾ?" ಪರಮೇಶ್ವರಪ್ಪ ಫೋನನ್ನು ಅವಳ ಮುಂದೆ ಹಿಡಿದರು.

ಸ್ಫೂರ್ತಿ ಒಂದೊಂದೇ ಪುಟ ತೆರೆದಳು. ಎಲ್ಲ ಕಡೆ ಭರತ್ ಒಬ್ಬನೇ. ಕೈಯಲ್ಲಿದ್ದ ಅನಾನಸ್ ಹೋಳು ಬಾಯಿಗೆ ಹೋಗಲಿಲ್ಲ. "ಯಾಕೋ?" ಎಂದು ಪಕ್ಕದಲ್ಲಿ ಕೂತಿದ್ದ ಗೆಳೆಯ ಭರತ್‌ನನ್ನು ಕೇಳಿದಳು.

"ಒಂದ ಸಾಲು ತಿದ್ದೀನಿ, ಅಷ್ಟ," ಅವನು ನಕ್ಕ. "ಒಂದ ಕಡೆ ತಿದ್ದಿದ್ರ ಎಲ್ಲಾ ಪುಟ ಬದಲಾಗ್ತಾವ ಅಂತ ನೀನ ಕಲಿಸಿದ್ದಲ್ಲ?"

ಹೆಸರೂ ಹೋಯಿತು, ಗೆಳೆಯನೂ ಹೋದ.