ಅಳಿವೆಯಲ್ಲೊಂದು ಮದುವೆ

“ಈ ಸಲ ಏಳು ಮರಳುದಿಣ್ಣೆ ಅಕ್ಕ,” ಎಂದು ಯೂಸುಫ್ ಹೊಸ್ತಿಲ ಮೇಲೆ ಕುಳಿತು ಹೇಳಿದ. ಅವನ ಬಟ್ಟೆಯಿಂದ ಇನ್ನೂ ಉಪ್ಪುನೀರು ಇಳಿಯುತ್ತಿತ್ತು. “ಹೋದ ವರ್ಷದ್ದು ಒಂದೂ ಅದರ ಜಾಗದಲ್ಲಿ ಇಲ್ಲ. ಹೆಸರು ಹೇಳು.”

ಪರದೆಯ ಒಳಗೆ ಅಲೀಮಮ್ಮ ಅಕ್ಕಿ ಆರಿಸುತ್ತಿದ್ದಳು. ತಮ್ಮನ ಮಾತಿಗೆ ತಲೆ ಎತ್ತಲಿಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಿ ಸರಕು ಹೊರುವ ಮಂಜಿಗಳಿಗೆ ದಾರಿ ತೋರಿಸುತ್ತಿದ್ದ ಗಂಡ ಮೊಯ್ದೀನಬ್ಬ ಮೇ ತಿಂಗಳ ಕೊನೆಗೆ ಜ್ವರದಲ್ಲಿ ತೀರಿಕೊಂಡಿದ್ದ. ಗಂಡ ತೀರಿಕೊಂಡವಳು ಆಚರಿಸಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಯಲು ಇನ್ನೂ ಮೂರು ವಾರವಿತ್ತು. ಅಲ್ಲಿಯವರೆಗೆ ಅವಳು ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ಕಾಲಿಡಬೇಕೆಂದು ಅನಿಸಿಯೂ ಇರಲಿಲ್ಲ. ಅನಿಸುವುದೇ ನಿಂತುಹೋಗಿತ್ತು.

“ಎಂತ ಹೆಸರು ಮಾರಾಯ?” ಜಗಲಿಯಲ್ಲಿ ನಕ್ಷೆ ಬಿಡಿಸಿಕೊಂಡು ಕುಳಿತಿದ್ದ ಬಂದರು ಕಚೇರಿಯ ಒಸ್ವಾಲ್ಡ್ ಪೊರ್ಬು ನಕ್ಕ. “ಒಂದರಿಂದ ಏಳು ನಂಬರು ಹಾಕಿದ್ದೇನಲ್ಲ. ಮರಳಿಗೆ ನಾಮಕರಣವಾ? ಹಾಗಾದರೆ ತೊಟ್ಟಿಲೂ ಕಟ್ಟುವ!”

“ನಂಬರು ಕಾಗದದಲ್ಲಿ ಸರಿಯೇ ಉಂಟು ಪೊರ್ಬುಗಳೇ. ತೆರೆ ಬಂದು ಮುಖಕ್ಕೆ ಹೊಡೆಯುವಾಗ ಮೂರು ಯಾವುದು, ಆರು ಯಾವುದು ಅಂತ ಯಾರಿಗೆ ನೆನಪಿರ್ತದೆ? ಮೊನ್ನೆ ಸಂಕಪ್ಪಣ್ಣನ ದೋಣಿ ಮರಳಿನಲ್ಲಿ ಹೂತು ಕೂತದ್ದು ಹಾಗೆಯೇ. ನಾಳೆ ಹಂಚು ತುಂಬಿದ ಮಂಜಿ ಹೊರಡ್ಲಿಕ್ಕುಂಟು. ಹದಿನಾಲ್ಕು ಜನ.”

ಪ್ರತಿ ಮಳೆಗಾಲವೂ ನೇತ್ರಾವತಿ, ಗುರುಪುರ ನದಿಗಳ ನೆರೆ ಅಳಿವೆಯ ಮರಳನ್ನೆಲ್ಲ ಕಲಸಿ ಹೊಸದಾಗಿ ಸುರಿದು ಹೋಗುತ್ತಿತ್ತು. ಮಳೆ ನಿಂತ ಮೇಲೆ ಮೊಯ್ದೀನಬ್ಬ ಗಳ ಇಳಿಸಿ ಆಳ ನೋಡಿ ಬರುತ್ತಿದ್ದ. ಊಟಕ್ಕೆ ಕುಳಿತು, ಕಂಡದ್ದನ್ನು ಹೆಂಡತಿಗೆ ಹೇಳುತ್ತಿದ್ದ. ಅಳಿವೆಯನ್ನು ಒಮ್ಮೆಯೂ ನೋಡದ ಅಲೀಮಮ್ಮ ಗೆರಸೆಯ ಅಕ್ಕಿಯಲ್ಲಿ ಬೆರಳಾಡಿಸಿ ದಿಣ್ಣೆಗಳನ್ನು ಮಾಡಿ, ಅವಕ್ಕೆಲ್ಲ ಸೇರಿಸಿ ಒಂದು ಕಥೆ ಕಟ್ಟುತ್ತಿದ್ದಳು. ಹೋದ ವರ್ಷ ಅಳಿವೆ ಸಂತೆಯಾಗಿತ್ತು; ಅದರ ಹಿಂದಿನ ವರ್ಷ, ಜಗಳವಾಡುವ ವಾರಗಿತ್ತಿಯರ ಅಡುಗೆಮನೆ. ಎರಡು ದಿನದಲ್ಲಿ ಕಥೆ ಬಂದರಿನವರ ಬಾಯಿಗೆ ಬರುತ್ತಿತ್ತು. ವರ್ಷವಿಡೀ ಮಂಜಿಗಳು ಅದನ್ನೇ ಹಿಡಿದು ಒಳಗೆ ಹೊರಗೆ ಹೋಗುತ್ತಿದ್ದವು. ಅದೆಲ್ಲ ಮೊಯ್ದೀನಬ್ಬನ ತಲೆ ಎಂದೇ ಯೂಸುಫನನ್ನು ಬಿಟ್ಟು ಎಲ್ಲರೂ ತಿಳಿದಿದ್ದರು. ಅವನು ಅಲ್ಲವೆಂದಿರಲಿಲ್ಲ. ತನ್ನದೆಂದು ಅವಳೂ ಅಂದಿರಲಿಲ್ಲ.

“ಭಾವನ ಜೊತೆ ಆ ಕಥೆಯೂ ಮಣ್ಣಾಯಿತು ಅಂತ ಬಂದರಿನ ಧಕ್ಕೆಯಲ್ಲಿ ಹೇಳ್ತಾರೆ,” ಎಂದ ಯೂಸುಫ್, ದನಿ ತಗ್ಗಿಸಿ.

ಅಲೀಮಮ್ಮನ ಬೆರಳು ನಿಂತಿತು. ಇಷ್ಟು ದಿನಗಳಲ್ಲಿ ಮೊದಲ ಸಲ ಒಳಗೆಲ್ಲೋ ಚುರುಕ್ಕೆಂದಿತು. ಅದು ದುಃಖವಲ್ಲ ಎಂಬುದು ಅವಳಿಗೆ ಗೊತ್ತಾಯಿತು.

“ಬಡಗಿನಿಂದ ಶುರು ಮಾಡು,” ಎಂದಳು. “ನಿಧಾನ ಹೇಳು.”

ಯೂಸುಫ್ ಹೇಳುತ್ತ ಹೋದ. ಅಕ್ಕಿ ಅಲ್ಲಲ್ಲಿ ಏರಿತು, ಇಳಿಯಿತು. ಅವಳು ಬಹಳ ಹೊತ್ತು ಗೆರಸೆಯನ್ನೇ ನೋಡಿದಳು.

“ಮದುವೆ,” ಎಂದಳು ಕೊನೆಗೆ. “ಬಡಗಲಲ್ಲಿ ಉದ್ದಕ್ಕೆ ಬಿದ್ದವನು ಮದುಮಗನ ಮಾವ, ಉಂಡು ಅಡ್ಡಾಗಿದ್ದಾನೆ. ಅವನ ಕಾಲಬುಡದಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತ ಇಬ್ಬರು ಅಡುಗೆಯವರು. ಅವರ ನಡುವೆ ನುಗ್ಗಬಾರದು, ಒಲೆ ಉಂಟು. ನೊರೆ ಏಳುವ ಕಡೆ ಮದುಮಗಳ ತಾಯಿ, ತಲೆಗೆ ಬಿಳಿ ಬಟ್ಟೆ. ಅವಳಿಗೆ ಸಲಾಂ ಹೇಳಿ ತೆಂಕಿಗೆ ತಿರುಗಬೇಕು. ಬಾಗಿಲ ಹತ್ತಿರದ ಎರಡು ಸಣ್ಣದು, ಚಪ್ಪಲಿ ಹುಡುಕುವ ನೆಂಟರು. ಏಳನೆಯದು ಮದುಮಗಳು.”

ಜಗಲಿಯ ನಗು ನಿಂತಿತ್ತು. ಒಸ್ವಾಲ್ಡ್ ನಕ್ಷೆಯ ಮೇಲೆ ಬೆರಳಿಟ್ಟು, ತುಟಿಯಲ್ಲೇ ಗುಣುಗುಣು ಲೆಕ್ಕ ಹಾಕುತ್ತಿದ್ದ: ಮಾವ, ಅಡುಗೆಯವರು, ತಾಯಿ.

“ಯೂಸುಫ್, ಮದುಮಗಳ ಪಕ್ಕದಲ್ಲಿ ಯಾರು?”

“ಯಾರೂ ಇಲ್ಲ. ಮಂಜಿ ಹೋಗುವುದೇ ಅಲ್ಲಿಂದ. ಎರಡಾಳು ನೀರು.”

“ಗಳ ಇಳಿಸಿದೆಯಾ?”

ಯೂಸುಫ್ ಒದ್ದೆ ಬಟ್ಟೆಯ ಅಂಚು ಹಿಂಡಿದ. “ನೀರು ಕಪ್ಪುಂಟು ಅಕ್ಕ. ಕಪ್ಪಾದರೆ ಆಳವೇ.”

“ಮದುಮಗಳನ್ನು ಯಾರಾದರೂ ಒಬ್ಬಳೇ ಕೂರಿಸ್ತಾರಾ? ಅವಳ ಒಂದು ಬದಿ ಕಡಿದ ಹಾಗೆ ಉಂಟು ಅಂತ ನೀನೇ ಹೇಳಿದ್ದು. ಯಾರಿಗೋ ಜಾಗ ಬಿಟ್ಟು ಸರಿದು ಕೂತಿದ್ದಾಳೆ. ಹೋಗಿ ನೋಡು.”

“ಮನೆಯೊಳಗೆ ಕೂತು ಅಳಿವೆ ಅಳೆಯುವುದಾದರೆ ನನ್ನ ಕೆಲಸ ನಿಮಗೇ ಕೊಡ್ತೇನೆ,” ಎಂದ ಒಸ್ವಾಲ್ಡ್.

“ಬೇಡ ಪೊರ್ಬುಗಳೇ. ನನಗೆ ನಂಬರು ಬರುವುದಿಲ್ಲ.”

ಇಬ್ಬರೂ ಹೋದರು. ಅಲೀಮಮ್ಮ ಆ ಅಕ್ಕಿಯನ್ನು ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ಬೇರೆ ಅಕ್ಕಿ ತೆಗೆದು ಗಂಜಿಗೆ ಇಟ್ಟಳು. ಇಳಿಹೊತ್ತಿನಲ್ಲಿ ಮಸೀದಿಯಿಂದ ಅಸರಿನ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಹೆಜ್ಜೆ ಕೇಳಿತು. ಪರದೆಯ ಸಂದಿಯಿಂದ ನೋಡಿದಳು. ಒಸ್ವಾಲ್ಡ್ ಬೂಟು ಕೈಯಲ್ಲಿ ಹಿಡಿದಿದ್ದ. ಪ್ಯಾಂಟು ತೊಡೆಯವರೆಗೆ ಕೆಸರು.

“ಉಂಟು ಅಕ್ಕ!” ಯೂಸುಫ್ ಏದುಸಿರು ಬಿಡುತ್ತಿದ್ದ. “ಮರಳಲ್ಲ, ಕಪ್ಪು ಕೆಸರಿನ ದಿಣ್ಣೆ. ಮೇಲಿಂದ ನೋಡಿದರೆ ಆಳದ ಹಾಗೆಯೇ. ಎದೆಮಟ್ಟವೂ ನೀರಿಲ್ಲ. ನಾಳೆ ಮಂಜಿ ಹೋಗಿ ಅದರ ಮೇಲೆಯೇ ಏರ್ತಿತ್ತು.”

ಒಸ್ವಾಲ್ಡ್ ನಕ್ಷೆ ಬಿಡಿಸಿ, ಜಗಲಿಯ ತುದಿಗೆ ಬಂದು ಕುಳಿತ.

“ಅಮ್ಮಾ, ಇದಕ್ಕೆ ಎಂತ ಬರೆಯಲಿ?”

“ಮದುಮಗಳ ಗೆಳತಿ ಅಂತ ಇಡುವನಾ?” ಎಂದ ಯೂಸುಫ್.

ಅಲೀಮಮ್ಮ ಒಂದು ಹಿಡಿ ಅಕ್ಕಿ ತೆಗೆದು ಗೆರಸೆಯ ಖಾಲಿ ಜಾಗಕ್ಕೆ ಸುರಿದಳು. ಈಗ ಅಳಿವೆ ತುಂಬಿತ್ತು.

“ಅಲೀಮಮ್ಮ ಅಂತ ಬರೆಯಿರಿ,” ಎಂದಳು. “ಮೈಗೆ ತಾಗದ ಹಾಗೆ, ಸ್ವಲ್ಪ ದೂರದಿಂದ, ಮರ್ಯಾದೆಯಲ್ಲಿ ಹೋಗಲಿಕ್ಕೆ ಹೇಳಿ.”