ದಿನಕ್ಕೆ ಎಂಟು ಕಿಲೋಮೀಟರ್

ಟಿಕ್.

ರಾತ್ರಿ ಒಂದೂವರೆಯ ಈ ಸದ್ದಿಗೆ ಬೇರೆ ಯಾರೂ ಮಗ್ಗುಲು ಬದಲಿಸುತ್ತಿರಲಿಲ್ಲ. ಸೊಸೆ ಎದ್ದು ಕೂತಳು. ಅಂಗಳದಲ್ಲಿ ನಿಂತ ಕ್ಯಾರವಾನಿನ ಬಾನೆಟ್ ತೆರೆದಾಗ ಮಾತ್ರ ಅಂಥ ಸದ್ದು ಬರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪಕ್ಕದಲ್ಲಿ ಗಂಡ, ಹಳದಿ ಬಿಲ್ಲೆಯ ಗಾಡಿ ಕೀಯನ್ನು ದಿಂಬಿನಡಿ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಬೆಳಿಗ್ಗೆ ಆರಕ್ಕೆ ಹೊರಡಬೇಕು. ದೇಶದ ಕರಾವಳಿಯನ್ನು ಈ ತುದಿಯಿಂದ ಆ ತುದಿಯವರೆಗೆ ಸುತ್ತಬೇಕು.

ಬಸ್ ಡಿಪೋದಲ್ಲಿ ಮೂವತ್ತು ವರ್ಷ ವೇಳಾಪಟ್ಟಿ ಬರೆದು ನಿವೃತ್ತನಾದವನು ಅವನು. ಮನೆಯ ಬಚ್ಚಲಿನ ಬಾಗಿಲಿಗೂ ಒಂದು ಅಂಟಿಸಿದ್ದ: ಅಮ್ಮ, ಆರು ಹತ್ತರಿಂದ ಆರು ಇಪ್ಪತ್ತೆರಡು. ಕರಾವಳಿಯ ಯೋಜನೆ ಹನ್ನೊಂದು ವರ್ಷ, ಹದಿನಾಲ್ಕು ಕಡತ ನುಂಗಿತ್ತು. ಮೊದಲು ದಿನಕ್ಕೆ ನಲವತ್ತು ಕಿಲೋಮೀಟರ್ ಎಂದಿದ್ದ. ಆಮೇಲೆ ಇಪ್ಪತ್ತಾಯಿತು. ಈಗ ಎಂಟು. ಹೋಗಿ ಬರಲು ಒಟ್ಟು ಆರು ವರ್ಷ, ಭಾನುವಾರ ರಜೆ.

"ಈ ಲೆಕ್ಕದಲ್ಲಿ ಆಮೆ ನಿಮ್ಮನ್ನ ದಾಟಿ ಹೋಗಿ, ಮೊಟ್ಟೆ ಇಟ್ಟು, ಮರಿ ಕರ್ಕೊಂಡು ವಾಪಸ್ ಬರುತ್ತೆ ಕಣೋ," ಎಂದಿದ್ದಳು ಅವನ ಅಮ್ಮ.

ಎರಡು ಸಲ ಹೊರಟಾಗಿತ್ತು. ಎರಡು ಸಲವೂ ನೆಂಟರೆಲ್ಲ ಗೇಟಿನ ಬಳಿ ನಿಂತು ಕೈ ಬೀಸಿದ್ದರು. ಗಾಡಿ ಎರಡು ಬಾರಿ ಕೆಮ್ಮಿ ಸುಮ್ಮನಾಗಿತ್ತು. ಆ ದುಃಖದಲ್ಲಿ ಗಂಡ ಮತ್ತೆ ಮತ್ತೆ ಬಡಿಸಿಕೊಂಡು ಉಂಡು, ಸಂಜೆಯವರೆಗೆ ನಿದ್ದೆ ಹೊಡೆದಿದ್ದ. ನಾದಿನಿಯಂತೂ, "ಅತ್ತಿಗೆ, ಇನ್ಮೇಲೆ ನಾವು ನಮ್ಮನೆಯಿಂದಲೇ ಕೈ ಬೀಸ್ತೀವಿ, ಬಸ್ ಚಾರ್ಜಾದರೂ ಉಳಿಯುತ್ತೆ," ಎಂದು ಚುಚ್ಚಿದ್ದಳು.

"ಮೂರನೇ ಸಲವೂ ಹೀಗಾದರೆ ಮಾರಿಬಿಡ್ತೀನಿ," ಎಂದು ಗಂಡ ಎಲ್ಲರೆದುರು ಆಣೆ ಇಟ್ಟಿದ್ದ. ಅಂದರೆ ಬೆಳಿಗ್ಗೆ ಗಾಡಿ ಹೊರಟರೆ ಆರು ವರ್ಷ, ಹೊರಡದಿದ್ದರೆ ಎಂದೆಂದಿಗೂ ಇಲ್ಲ. ಇದನ್ನೇ ಯೋಚಿಸಿ ಯೋಚಿಸಿ ಸೊಸೆಗೆ ವಾರದಿಂದ ಊಟ ಸೇರುತ್ತಿರಲಿಲ್ಲ.

ಅದರ ಮೇಲೆ ಈ ಕಾಟ. ಸಂಜೆ ಇದ್ದ ಹಾಗೆ ಗಾಡಿ ಬೆಳಿಗ್ಗೆ ಇರುತ್ತಿರಲಿಲ್ಲ. ರಾತ್ರಿ ಯಾರೋ ಕೈಯಾಡಿಸುತ್ತಿದ್ದರು. ಮಂಗಳವಾರ ಬ್ಯಾಟರಿಯ ವೈರಿನ ಮೇಲೆ, ಗುರುವಾರ ಡೀಸೆಲ್ ಪೈಪಿನ ಮೇಲೆ, ಬಿಳಿ ನೂಲಿನ ಗಂಟು ಅವಳ ಕಣ್ಣಿಗೆ ಬಿದ್ದಿತ್ತು. ಅತ್ತೆ ನಲವತ್ತು ವರ್ಷ ಬಟ್ಟೆ ಕಾರ್ಖಾನೆಯ ಹೊಲಿಗೆ ಯಂತ್ರಗಳ ಹೊಟ್ಟೆ ಬಗೆದವಳು. ಅಲ್ಲಿಯ ನಿಯಮವನ್ನು ಊಟಕ್ಕೆ ಕೂತಾಗಲೆಲ್ಲ ಒಪ್ಪಿಸುತ್ತಿದ್ದಳು: "ಯಂತ್ರಕ್ಕೆ ಕೈ ಹಾಕಿದ್ರೆ ನೂಲು ಕಟ್ಟಲೇಬೇಕು. ಯಾರ ಕೆಲಸ ಇದು ಅಂತ ಕೇಳಿದ್ರೆ ಮುಖ ಮುಚ್ಕೊಂಡು ಓಡಬಾರದು ನೋಡು."

ಗಂಡನಿಗೆ ಹೇಳುವ ಹಾಗಿರಲಿಲ್ಲ. ಸಂಜೆ ಸೊಸೆ ತಾನೇ ಮೆಲ್ಲಗೆ ಕೆದಕಿ ನೋಡಿದ್ದಳು.

"ನಾವು ಹೋದ್ಮೇಲೆ ನಿಮಗೆ ಬೇಜಾರಾಗಲ್ವಾ ಅತ್ತೆ?"

"ನೀವು ಹೊರಡೋದನ್ನ ನೆನೆಸ್ಕೊಂಡ್ರೆ ರಾತ್ರಿ ನಿದ್ದೇನೇ ಬರಲ್ಲ ಬಿಡಮ್ಮ," ಎಂದು ಅತ್ತೆ ಕಣ್ಣೊರೆಸಿಕೊಂಡಿದ್ದಳು.

ಸೊಸೆ ಕಪ್ಪು ಸ್ವೆಟರ್ ತೊಟ್ಟಳು. ಕಿರುಗುಟ್ಟುವ ಮೂರನೇ ಮೆಟ್ಟಿಲನ್ನು ಕತ್ತಲಲ್ಲೇ ದಾಟಿ ಅಂಗಳಕ್ಕಿಳಿದಳು.

ಬಾನೆಟ್ಟಿನೊಳಗೆ ಅರ್ಧ ಅತ್ತೆ ಇದ್ದಳು. ಉಳಿದರ್ಧ ಸ್ಟೂಲಿನ ಮೇಲೆ ನಿಂತಿತ್ತು. ಬಾಯಲ್ಲಿ ಟಾರ್ಚು, ಕೈಯಲ್ಲಿ ಸ್ಕ್ರೂಡ್ರೈವರ್, ಮಣಿಕಟ್ಟಿಗೆ ಸುತ್ತಿದ ಬಿಳಿ ನೂಲು.

"ಸಿಕ್ಕಿಬಿದ್ರಿ ಅತ್ತೆ."

ಅತ್ತೆ ಬೆಚ್ಚಲಿಲ್ಲ. ಬಾಯಿಂದ ಟಾರ್ಚು ತೆಗೆದಳು. "ನಾನಾ? ಕರಿ ನಿನ್ನ ಗಂಡನ್ನ. ಏನಂತ ಹೇಳ್ತೀಯ, ನಾನೂ ಕೇಳ್ತೀನಿ."

ಸೊಸೆ ಕರೆಯಲಿಲ್ಲ.

"ಹಾಳು ಮಾಡೋಕೆ ನಿನಗೆ ಅರ್ಧ ನಿಮಿಷ. ಸರಿ ಮಾಡೋಕೆ ನನಗೆ ಅರ್ಧ ರಾತ್ರಿ. ಈ ಸೊಂಟ ಇಟ್ಕೊಂಡು!" ಅತ್ತೆ ಕೈ ಚಾಚಿದಳು. "ಕೊಡು ಫ್ಯೂಸು. ಸಂಜೆ ಕಿತ್ತಿದ್ಯಲ್ಲ, ಅದು."

ಸೊಸೆಯ ಕೈ ಸ್ವೆಟರಿನ ಜೇಬಿನೊಳಗೆ ಬಿಗಿಯಿತು. "ಆರು ವರ್ಷ, ಅತ್ತೆ. ಹದಿನಾಲ್ಕು ಅಡಿ ಡಬ್ಬದಲ್ಲಿ. ಅವರ ವೇಳಾಪಟ್ಟಿ ಜೊತೆ. ನೀವೂ ಒಂದು ಹೆಣ್ಣಲ್ವಾ?"

"ಹೆಣ್ಣೇ. ಅದಕ್ಕೇ ಬೇಕಾದ ಹೊತ್ತಿಗೆ ಸ್ನಾನ ಮಾಡ್ಬೇಕು ಅಂತ ಆಸೆ. ಹೆತ್ತ ತಪ್ಪಿಗೆ ಅರವತ್ತು ವರ್ಷ ಸಹಿಸಿದೀನಿ, ಇನ್ನು ನಿನ್ನ ಪಾಳಿ. ಕೊಡ್ತೀಯೋ, ಅವನನ್ನ ಎಬ್ಬಿಸಲೋ?"

ಸೊಸೆ ಕೊಟ್ಟಳು. ಅತ್ತೆ ಫ್ಯೂಸು ಕೂರಿಸಿ, ನೂಲು ಕಟ್ಟಿ, ಬಾನೆಟ್ ಮುಚ್ಚಿ, ಅದಕ್ಕೆ ಒತ್ತಿಕೊಂಡು ಸ್ಟೂಲು ಹಾಕಿ ಬೆಳಗಾಗುವವರೆಗೆ ಕಾವಲು ಕೂತಳು.

ಆರಕ್ಕೆ ನೆಂಟರು ಗೇಟಿನ ಬಳಿ ಕೈ ಎತ್ತಿ ನಿಂತರು. ಗಂಡ ಹದಿನಾಲ್ಕು ಕಡತಗಳನ್ನು ಹಿಂದೆ ಜೋಡಿಸಿ, ಸೀಟಿಗೆ ಏರಿ, ಮುಂದಕ್ಕೆ ಬಾಗಿದ. ಅವನ ಮೊಣಕೈ ತಿರುಗಿತು. ಸದ್ದಿಲ್ಲ. ಮತ್ತೆ ತಿರುಗಿತು. ಈ ಸಲ ಗಾಡಿ ಕೆಮ್ಮಲೂ ಇಲ್ಲ. ಎತ್ತಿದ ಕೈಗಳು ಒಂದೊಂದಾಗಿ ಇಳಿದವು.

ಅತ್ತೆ ಸೊಸೆಯನ್ನು ನುಂಗುವಂತೆ ನೋಡಿದಳು.

"ನಿಮ್ಮಾಣೆ, ನಾನಲ್ಲ," ಎಂದು ಪಿಸುಗುಟ್ಟಿ ಸೊಸೆ ಗಾಡಿಯ ಕಿಟಕಿಗೆ ಓಡಿದಳು.

"ನಮ್ಮ ಹಣೇಲಿ ಬರೆದಿಲ್ಲ ಕಣೇ," ಎಂದ ಗಂಡ, ಮುಂದಕ್ಕೆ ಬಾಗಿಯೇ, ಮೂರನೇ ಬಾರಿ ಬಲಗೈ ತಿರುಗಿಸುತ್ತ. "ಮಾರಿಬಿಡೋಣ. ತಿಂಡಿಗೆ ಏನಿದೆ?"

ಸೊಸೆ ಅವನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಕೀಯ ಹಳದಿ ಬಿಲ್ಲೆಯನ್ನು ನೋಡಿದಳು, ಬರೀ ಗಾಳಿಯನ್ನು ತಿರುಗಿಸುತ್ತಿದ್ದ ಅವನ ಎರಡು ಬೆರಳುಗಳನ್ನು ನೋಡಿದಳು, ಮತ್ತು ಇದನ್ನು ಅತ್ತೆಗಿರಲಿ, ಸ್ವತಃ ಗಂಡನಿಗೂ ಹೇಳಬಾರದೆಂದು ತೀರ್ಮಾನಿಸಿ ಕಿಟಕಿಗೆ ಅಡ್ಡ ನಿಂತಳು.